ಅಣೆಕಟ್ಟಿನ ಖಾಲಿ ಜಾಗ

ಮುಂಗಾರು ಬಲವಾಗಿ ಹಿಡಿದುಕೊಂಡಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಕೆಲವು ಅಂಕಿಗಳಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಇಂದು ಇಷ್ಟು ಅಡಿ ನೀರು; ಒಳಹರಿವು ಇಷ್ಟು ಸಾವಿರ ಕ್ಯೂಸೆಕ್; ಹೊರಹರಿವು ಇಷ್ಟು; ಗಾಜನೂರಿನ ತುಂಗಾ ಅಣೆಕಟ್ಟು ತುಂಬಿ ಬಾಗಿಲುಗಳನ್ನು ತೆರೆಯಲಾಗಿದೆ. ವಾರ್ತೆಯಲ್ಲಿ ಈ ಮಾತು ಬಂದೊಡನೆ ಗದ್ದೆಯುಳ್ಳವರು ಮೊದಲನೆಯ ಅಂಕಿಯನ್ನು ಕೇಳಿ ಸಮಾಧಾನಪಡುತ್ತಾರೆ. ಹೊಳೆಯ ದಂಡೆಯಲ್ಲಿ ಮನೆಯುಳ್ಳವರು ಕೊನೆಯ ಅಂಕಿಯನ್ನು ಕೇಳಿ ಎದ್ದು ನಿಲ್ಲುತ್ತಾರೆ. ಆದರೆ ನಾಲ್ಕನೆಯದೊಂದು ಅಂಕಿ ಇದೆ. ಅದನ್ನು ಯಾರೂ ಓದಿ ಹೇಳುವುದು ಅಪರೂಪ, ನಾವು ಕೇಳುವುದೂ ಅಪರೂಪ. ಜಲಾಶಯದಲ್ಲಿ ಇನ್ನೆಷ್ಟು ಜಾಗ ಖಾಲಿ ಉಳಿದಿದೆ ಎಂಬುದೇ ಆ ಅಂಕಿ. ಈ ಖಾಲಿ ಜಾಗದ ವಿಚಾರವಾಗಿಯೇ ತಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಹರಿಹರದ ಮಗ್ಗುಲಿನ ಗುತ್ತೂರನ್ನು ತಾವು ಬಲ್ಲಿರಿ. ಒಂದು ಕಡೆ ತುಂಗಭದ್ರೆ. ಇನ್ನೊಂದು ಕಡೆ, ಆ ಊರಿನ ಹೆಸರನ್ನೇ ಹೊತ್ತ 400 ಕಿಲೋವೋಲ್ಟಿನ ವಿದ್ಯುತ್ ಸ್ವೀಕರಣಾ ಕೇಂದ್ರ. ಮಲೆನಾಡಿನ ಮಳೆ ಎರಡು ರೂಪದಲ್ಲಿ ಈ ಸೀಮೆಗೆ ಇಳಿದುಬರುತ್ತದೆ. ಹೊಳೆಯಲ್ಲಿ ನೀರಾಗಿ ಬರುವುದು ಒಂದು ರೂಪ. ಶರಾವತಿ, ಕಾಳಿ, ವಾರಾಹಿಗಳ ತೀರದಲ್ಲಿ ಯಂತ್ರಗಳನ್ನು ತಿರುಗಿಸಿ, ರಾಜ್ಯದ ತಂತಿಜಾಲವನ್ನು ಸೇರಿ, ದೀಪವಾಗಿ ಬರುವುದು ಇನ್ನೊಂದು ರೂಪ. ದಾವಣಗೆರೆಯ ಗಿರಣಿಗಳೂ ಹರಿಹರದ ಕಾರ್ಖಾನೆಗಳೂ ಬೆಳೆದ ಕಾಲದಲ್ಲಿ, 1948ರಲ್ಲಿ, ಜೋಗದ ವಿದ್ಯುದಾಗಾರ ಕೆಲಸವನ್ನಾರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಂದಿನಿಂದ ನಮ್ಮ ದೀಪಕ್ಕೂ ಘಟ್ಟದ ಮಳೆಗೂ ಇರುವ ನಂಟು ಬಿಟ್ಟಿಲ್ಲ. ಹಾಗಾದರೆ, ದೀಪ ಕೊಡುವ ಅಣೆಕಟ್ಟೇ ನೆರೆಯನ್ನೂ ತಡೆಯಲಾರದೇಕೆ? ಒಂದೇ ಕಟ್ಟಡದಿಂದ ಎರಡು ಲಾಭ ದೊರೆಯುವುದಾದರೆ ಬೇಡವೆನ್ನುವವರು ಯಾರು? ಕೇಳುವುದಕ್ಕೆ ಸಹಜವಾದ ಪ್ರಶ್ನೆ. ಉತ್ತರ ಮಾತ್ರ ಅಷ್ಟು ಸುಲಭವಾದುದಲ್ಲ.

ಅಣೆಕಟ್ಟೆಂದರೇನೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕೆರೆಗಳನ್ನೇ ನೋಡಬಹುದು. ಯಾವ ಕೆರೆಗಾದರೂ ಮೂರು ಅಂಗಗಳಿರುತ್ತವೆ: ಏರಿ, ತೂಬು, ಕೋಡಿ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ಬೇಕಾದಷ್ಟನ್ನು ಬಿಡುತ್ತದೆ. ಹೆಚ್ಚಾದ ನೀರು ಕೋಡಿಯಿಂದ ತಾನಾಗಿ ಹರಿದುಹೋಗುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ನೋಡಿದವರು ಈ ಮೂರನ್ನೂ ದೊಡ್ಡ ಪ್ರಮಾಣದಲ್ಲಿ ನೋಡಿದಂತೆಯೇ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯನ್ನು ಹುಡುಕಿ, ಅಲ್ಲಿಗೆ ಮಣ್ಣಿನ ಏರಿ ಹಾಕಿ, ನೀರಿನ ಕಡೆಗೆ ಕಲ್ಲು ಜೋಡಿಸಿ ಕಟ್ಟಿದ ಕೆಲಸ ಅದು. ಶತಮಾನಗಳು ಕಳೆದರೂ ಏರಿ ನಿಂತಿದೆ. ಅಲ್ಲಿಂದ ಹೊರಡುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ.

ಈ ಕೆರೆಯ ಏರಿಯನ್ನೇ ಬೆಟ್ಟದಷ್ಟು ಎತ್ತರಿಸಿ, ಮಣ್ಣಿನ ಬದಲು ಬಹುಪಾಲು ಬಂಡೆಗಲ್ಲನ್ನು ತುಂಬಿದರೆ ಕಲ್ಲುತುಂಬಿನ ಅಣೆಕಟ್ಟಾಗುತ್ತದೆ. ಭದ್ರಾ ಅಣೆಕಟ್ಟಿನಂತೆ ಗಾರೆಯಿಟ್ಟು ಕಲ್ಲನ್ನು ಕಲ್ಲಿಗೆ ಬೆಸೆಯುವ ಕೆಲಸ ಇಲ್ಲಿಲ್ಲ. ಗುಡ್ಡವನ್ನು ಒಡೆದು ತಂದ ಕಲ್ಲನ್ನು ಪದರ ಪದರವಾಗಿ ಸುರಿದು, ಭಾರವಾದ ರೋಲರುಗಳಿಂದ ಒತ್ತುತ್ತಾರೆ. ಕಲ್ಲಿನ ರಾಶಿಯಲ್ಲಿ ನೀರು ನಿಲ್ಲುವುದುಂಟೆ ಎಂದು ತಾವು ಕೇಳಬಹುದು. ನಿಲ್ಲದು. ಆದುದರಿಂದ ರಾಶಿಯ ನಡುವೆ ಜೇಡಿಮಣ್ಣಿನ ಒಂದು ದಪ್ಪ ಗೋಡೆಯನ್ನು ತಳದಿಂದ ತಲೆಯವರೆಗೆ ಎತ್ತಿಕೊಂಡು ಬರುತ್ತಾರೆ. ಇಲ್ಲವೆ ನೀರಿನ ಕಡೆಯ ಇಳಿಜಾರಿಗೆ ಕಾಂಕ್ರೀಟಿನ ಹಾಸು ಹೊದಿಸುತ್ತಾರೆ. ನೀರನ್ನು ತಡೆಯುವುದು ಜೇಡಿಯ ಅಥವಾ ಹಾಸಿನ ಕೆಲಸ. ಅದನ್ನು ಅಲುಗದಂತೆ ಹಿಡಿದುಕೊಂಡಿರುವುದು ಕಲ್ಲಿನ ಕೆಲಸ. ಜೇಡಿಗೂ ಕಲ್ಲಿಗೂ ನಡುವೆ ಸಣ್ಣ ಮರಳು, ದಪ್ಪ ಮರಳು, ಜಲ್ಲಿ ಎಂದು ಪದರಗಳಿರುತ್ತವೆ. ಒಸರಿದ ನೀರು ಹೊರಗೆ ಹೋಗಬೇಕು, ಮಣ್ಣಿನ ಕಣ ಹೋಗಬಾರದು. ನಮ್ಮ ಮನೆಗಳಲ್ಲಿ ಕಾಫಿ ಸೋಸುವ ಬಟ್ಟೆ ಮಾಡುವ ಕೆಲಸವೇ ಇದು. ಈ ಪದರಗಳಲ್ಲಿ ಕೊರತೆಯಾದರೆ ಒಸರು ನೀರು ಮಣ್ಣನ್ನು ಕಣಕಣವಾಗಿ ಕದ್ದೊಯ್ದು, ಹೊರಗೆ ನಿಂತು ನೋಡುವವರಿಗೆ ತಿಳಿಯದಂತೆ ಒಳಗೆ ಬಿಲ ಕೊರೆಯುತ್ತದೆ.

ಇಂಥ ಅಣೆಕಟ್ಟಿನ ಮೊದಲ ಪ್ರಯೋಗಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ತೊಳೆಯುವ ಗಣಿಯವರು ಮಾಡಿದರು. ಅವರ ಬಳಿ ಗಾರೆ ಇರಲಿಲ್ಲ. ಕಲ್ಲು ಮತ್ತು ಸಿಡಿಮದ್ದು ಬೇಕಾದಷ್ಟಿತ್ತು. ಕಲ್ಲಿನ ರಾಶಿ ಹಾಕಿ, ನೀರಿನ ಕಡೆಗೆ ಮರದ ಹಲಗೆ ಹೊಡೆದರು. ಇಂದು ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಎತ್ತರದ ಅಣೆಕಟ್ಟು ಇದೇ ಜಾತಿಗೆ ಸೇರಿದೆ. ಉತ್ತರಾಖಂಡದಲ್ಲಿ ಭಾಗೀರಥಿಗೆ ಅಡ್ಡಲಾಗಿ ಮಣ್ಣು ಮತ್ತು ಕಲ್ಲು ತುಂಬಿ ಕಟ್ಟಿದ ತೆಹ್ರಿ ಅಣೆಕಟ್ಟಿನ ಎತ್ತರ 260.5 ಮೀಟರ್, ತಳದ ಅಗಲ ಒಂದು ಕಿಲೋಮೀಟರಿಗೂ ಹೆಚ್ಚು. 2006ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಯಿತು. ಆ ಮೊದಲ ಹಂತದ ಶಕ್ತಿ 1000 ಮೆಗಾವಾಟ್. ಹಿಮಾಲಯದಲ್ಲಿ ಭೂಮಿ ಆಗಾಗ ನಡುಗುತ್ತದೆ. ಅಲ್ಲಿ ಬಿಗಿಯಾಗಿ ಬೆಸೆದ ಗೋಡೆಗಿಂತ ತುಸು ಕುಳಿತು, ತುಸು ಹೊಂದಿಕೊಂಡು ನಿಲ್ಲುವ ಕಲ್ಲಿನ ದಿಬ್ಬ ಲೇಸೆಂಬುದು ಎಂಜಿನಿಯರುಗಳ ಲೆಕ್ಕಾಚಾರ. ಕಲ್ಲು ಸ್ಥಳದಲ್ಲಿಯೇ ಸಿಗುತ್ತದೆ. ವಿದ್ಯುದಾಗಾರಕ್ಕೆ ನೀರೊಯ್ಯುವ ಸುರಂಗ ತೋಡುವಾಗ ಬಂದ ಕಲ್ಲನ್ನೂ ಏರಿಗೆ ಹಾಕಬಹುದು.

ಆದರೆ ಈ ಜಾತಿಯ ಅಣೆಕಟ್ಟಿಗೆ ಒಂದು ಮಾರಕ ದೌರ್ಬಲ್ಯವುಂಟು. ನಮ್ಮ ಹಳ್ಳಿಯ ನೀರುಗಂಟಿಗೆ ಅದು ಗೊತ್ತು. ಕೋಡಿಯಲ್ಲಿ ಎಷ್ಟೇ ನೀರು ಹೋಗಲಿ, ಅವನಿಗೆ ಹೆದರಿಕೆಯಿಲ್ಲ. ಏರಿಯ ಮೇಲೆ ನೀರು ಹತ್ತಿತೆಂದರೆ ಮಾತ್ರ ಅವನು ಊರನ್ನು ಎಬ್ಬಿಸುತ್ತಾನೆ. ಗಾರೆಯ ಗೋಡೆಯ ಮೇಲೆ ನೀರು ಹರಿದರೆ ಗೋಡೆ ಸ್ವಲ್ಪ ಕಾಲವಾದರೂ ತಾಳಿಕೊಂಡೀತು. ತುಂಬಿದ ಏರಿಯ ಮೇಲೆ ಹರಿದರೆ ಅದು ಹಿಂಬದಿಯ ಇಳಿಜಾರನ್ನು ಕೊಚ್ಚುತ್ತ ಏರಿಯನ್ನೇ ಹೊತ್ತುಕೊಂಡು ಹೋಗುತ್ತದೆ. 2023ರ ಅಕ್ಟೋಬರ್ 3 ಮತ್ತು 4ರ ನಡುವಿನ ರಾತ್ರಿ ಸಿಕ್ಕಿಮಿನಲ್ಲಿ ಆದದ್ದು ಇದೇ. ಮೇಲಿನ ಹಿಮದ ನಾಡಿನ ದಕ್ಷಿಣ ಲೋನಾಕ್ ಸರೋವರ ಒಡೆದು ಬಂದ ನೀರು, ಚುಂಗ್‌ತಾಂಗ್‌ನಲ್ಲಿ ತೀಸ್ತಾ ನದಿಗೆ ಕಟ್ಟಿದ್ದ ಕಲ್ಲುತುಂಬಿನ ಅಣೆಕಟ್ಟಿನ ಮೇಲೆ ಹಾಯ್ದಿತು. 60 ಮೀಟರ್ ಎತ್ತರದ ಆ ಅಣೆಕಟ್ಟು 1200 ಮೆಗಾವಾಟ್ ವಿದ್ಯುತ್ತಿಗಾಗಿ ಕಟ್ಟಿದ್ದು. ಅದು ಕೊಚ್ಚಿಹೋಯಿತು, ಕೆಳಗಿನ ಕಣಿವೆಯಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಆದುದರಿಂದ ಕಲ್ಲುತುಂಬಿನ ಅಣೆಕಟ್ಟನ್ನು ಕಟ್ಟುವವರು ಏರಿಗೆ ಎಷ್ಟು ಗಮನ ಕೊಡುತ್ತಾರೋ ಅಷ್ಟೇ ಗಮನವನ್ನು ಕೋಡಿಗೂ ಕೊಡಬೇಕು; ನಡೆಸುವವರು ಕೋಡಿಯ ಬಾಗಿಲುಗಳನ್ನು ಸಕಾಲದಲ್ಲಿ ತೆರೆಯಬೇಕು; ಎಲ್ಲಕ್ಕೂ ಮಿಗಿಲಾಗಿ, ಬರುವ ಪ್ರವಾಹಕ್ಕೆ ಒಳಗೆ ಜಾಗವಿರಬೇಕು.

ಜಾಗದ ಮಾತು ಬಂದಿತು. ಜಗಳವೂ ಅಲ್ಲಿಂದಲೇ ಆರಂಭ.

ಮೊದಲು ವಿದ್ಯುತ್ತಿನ ಪಕ್ಷವನ್ನು ಕೇಳೋಣ. ನೀರಿನಿಂದ ಶಕ್ತಿ ಹುಟ್ಟುವುದಕ್ಕೆ ಎರಡು ಬೇಕು: ನೀರಿನ ಮೊತ್ತ ಮತ್ತು ಅದು ಬೀಳುವ ಎತ್ತರ. ಒಂದು ಸಾವಿರ ಲೀಟರ್ ನೀರು 400 ಮೀಟರ್ ಎತ್ತರದಿಂದ ಇಳಿದರೆ, ಯಂತ್ರಗಳಲ್ಲಿ ಆಗುವ ನಷ್ಟವನ್ನು ಕಳೆದು, ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ಸಿಗುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ ನೀರು ಇಳಿಯುವ ಎತ್ತರ ಇದಕ್ಕೂ ಮಿಗಿಲು. ಅಲ್ಲಿನ ಹತ್ತು ಯಂತ್ರಗಳ ಒಟ್ಟು ಶಕ್ತಿ 1035 ಮೆಗಾವಾಟ್. ಅದೇ ಸಾವಿರ ಲೀಟರ್ 50 ಮೀಟರಿನಿಂದ ಬಿದ್ದರೆ ಯೂನಿಟ್ಟಿನ ಎಂಟನೆಯ ಒಂದು ಭಾಗ ಮಾತ್ರ. ಅಂದರೆ ಘಟ್ಟದ ಬುಡದಲ್ಲಿ ಯಂತ್ರವಿಡುವ ಯೋಜನೆಗಳಲ್ಲಿ ಬಹುಪಾಲು ಎತ್ತರವನ್ನು ಘಟ್ಟವೇ ಕೊಡುತ್ತದೆ. ಅಣೆಕಟ್ಟಿನ ಬುಡದಲ್ಲಿಯೇ ಯಂತ್ರವಿಟ್ಟ ಕಡೆ ಎತ್ತರವನ್ನು ಜಲಾಶಯದ ಮಟ್ಟವೇ ಕೊಡಬೇಕು. ಅಲ್ಲಿ ನೀರು ಹತ್ತು ಮೀಟರ್ ಇಳಿದರೆ ಪ್ರತಿಯೊಂದು ಹನಿಯ ಶಕ್ತಿಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಮೇಲಾಗಿ ಮಳೆ ನಾಲ್ಕು ತಿಂಗಳು, ದೀಪ ಹನ್ನೆರಡು ತಿಂಗಳು. ಮಳೆಗಾಲದಲ್ಲಿ ಕೂಡಿಟ್ಟದ್ದನ್ನೇ ಏಪ್ರಿಲ್, ಮೇ ತಿಂಗಳಲ್ಲಿ ಖರ್ಚು ಮಾಡಬೇಕು. ಆದುದರಿಂದ ವಿದ್ಯುತ್ತಿನವರು ಹೇಳುವುದು ಒಂದೇ ಮಾತು: ಆದಷ್ಟು ಬೇಗ ತುಂಬಲಿ, ಆದಷ್ಟು ಕಾಲ ತುಂಬಿರಲಿ.

ಈಗ ನೆರೆಯ ಪಕ್ಷ. ನೆರೆಯನ್ನು ತಡೆಯುವುದೆಂದರೆ ನೀರನ್ನು ಮಾಯ ಮಾಡುವುದಲ್ಲ. ಒಮ್ಮೆಗೇ ಬರುವುದನ್ನು ಒಳಗೆ ಹಿಡಿದುಕೊಂಡು, ನಿಧಾನವಾಗಿ ಬಿಡುವುದು. ಹಿಡಿದುಕೊಳ್ಳಬೇಕಾದರೆ ಪಾತ್ರೆ ಖಾಲಿಯಿರಬೇಕು. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಹೊಯ್ದರೆ ಒಂದು ಚೊಂಬೇ ಹೊರಗೆ ಚೆಲ್ಲುತ್ತದೆ. ಕೊಡ ಎಷ್ಟು ದೊಡ್ಡದೆಂಬ ಲೆಕ್ಕ ಆಗ ಉಪಯೋಗಕ್ಕೆ ಬಾರದು. ಆದುದರಿಂದ ನೆರೆಗೆ ಅಂಜುವವರು ಹೇಳುವುದೂ ಒಂದೇ ಮಾತು: ಮಳೆಯ ಜೋರು ಮುಗಿಯುವವರೆಗೆ ಜಾಗ ಬಿಟ್ಟುಕೊಂಡಿರಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ವಾರ್ತೆಯಲ್ಲಿ ಬರುವ ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೊಳೆಯಲ್ಲಿ ಸುಮಾರು 11,600 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಈಗ ಒಂದು ಜಲಾಶಯಕ್ಕೆ 50,000 ಕ್ಯೂಸೆಕ್ ಬರುತ್ತಿದೆಯೆಂದೂ, ಕೆಳಗಿನ ಊರುಗಳಿಗೆ ತೊಂದರೆಯಾಗದಂತೆ 20,000 ಕ್ಯೂಸೆಕ್ ಬಿಡಬಹುದೆಂದೂ ಇಟ್ಟುಕೊಳ್ಳಿ. ಉಳಿದ 30,000 ಒಳಗೆ ನಿಲ್ಲಬೇಕು. ದಿನವೊಂದಕ್ಕೆ ಎರಡೂವರೆ ಟಿ.ಎಂ.ಸಿ.ಗೂ ತುಸು ಹೆಚ್ಚು. ಹತ್ತು ಟಿ.ಎಂ.ಸಿ. ಜಾಗ ಖಾಲಿಯಿದ್ದರೆ ಹೆಚ್ಚುಕಡಿಮೆ ನಾಲ್ಕು ದಿನದ ಬಿಡುವು ಸಿಕ್ಕಿತು. ಅಷ್ಟರಲ್ಲಿ ಮಳೆ ಹೊಳವಾದೀತು. ಜಾಗವೇ ಇಲ್ಲದಿದ್ದರೆ ಬಂದ 50,000ವೂ ಅಂದೇ ಕೆಳಗೆ ಹೋಗಬೇಕು. ಅಣೆಕಟ್ಟು ಅಲ್ಲಿದ್ದರೂ ಆ ದಿನದ ಮಟ್ಟಿಗೆ ಇಲ್ಲದಂತೆಯೇ.

ಹೀಗೆ ಒಂದೇ ಜಾಗವನ್ನು ಒಬ್ಬರು ತುಂಬು ಎನ್ನುತ್ತಾರೆ, ಇನ್ನೊಬ್ಬರು ಖಾಲಿ ಇಡು ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ವಿದ್ಯುತ್ತು ಮತ್ತು ನೆರೆತಡೆ ಎರಡಕ್ಕೂ ಎಂದು ಫಲಕ ಬರೆದ ಮಾತ್ರಕ್ಕೆ ಎರಡೂ ಸಿದ್ಧಿಸಿದಂತಲ್ಲ. ಯಾವ ತಿಂಗಳಲ್ಲಿ ಯಾರ ಮಾತು ನಡೆಯಬೇಕೆಂಬ ಕಟ್ಟಳೆಯಿದ್ದರೆ, ಆ ಕಟ್ಟಳೆಯನ್ನು ಪಾಲಿಸಿದರೆ, ಮಾತ್ರ ಸಿದ್ಧಿಸೀತು.

ತೆಹ್ರಿಗೆ ಮತ್ತೆ ಹೋಗೋಣ. 2013ರ ಜೂನ್ ನಡುವಿನಲ್ಲಿ ಉತ್ತರಾಖಂಡದಲ್ಲಿ ಘೋರ ಮಳೆಯಾಗಿ ಕೇದಾರನಾಥದಲ್ಲಿ ಅನಾಹುತವಾದುದನ್ನು ತಾವು ಮರೆತಿರಲಾರಿರಿ. ಭಾಗೀರಥಿ ಮತ್ತು ಅಲಕನಂದಾ ಎರಡೂ ಉಕ್ಕಿದವು. ಅವೆರಡೂ ದೇವಪ್ರಯಾಗದಲ್ಲಿ ಕೂಡಿ ಗಂಗೆಯಾಗುತ್ತವೆ. ಭಾಗೀರಥಿಯ ಪ್ರವಾಹ ತೆಹ್ರಿಯ ಜಲಾಶಯದಲ್ಲಿ ಇಂಗಿದಂತೆ ನಿಂತಿತು. ಅಲಕನಂದೆಗೆ ಅಂಥ ದೊಡ್ಡ ಜಲಾಶಯವಿರಲಿಲ್ಲ, ಅದರ ನೀರು ಹೃಷೀಕೇಶ, ಹರಿದ್ವಾರಗಳ ಕಡೆಗೆ ನುಗ್ಗಿತು. ಎರಡೂ ಒಟ್ಟಿಗೆ ಬಂದಿದ್ದರೆ ಆ ಊರುಗಳ ಪಾಡು ಇನ್ನೂ ಕಷ್ಟವಾಗುತ್ತಿತ್ತು. ಆದರೆ ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅದು ಜೂನ್ ತಿಂಗಳು. ಬೇಸಿಗೆಯೆಲ್ಲ ವಿದ್ಯುತ್ತಿಗೂ ನೀರಾವರಿಗೂ ಬಳಸಿ ಜಲಾಶಯ ಕೆಳಮಟ್ಟದಲ್ಲಿತ್ತು. ಊರುಗಳನ್ನು ಕಾಪಾಡಿದ್ದು ಅಣೆಕಟ್ಟಿನ ಎತ್ತರವಲ್ಲ, ಒಳಗಿದ್ದ ಖಾಲಿ ಜಾಗ. ಅದೇ ಪ್ರವಾಹ ಜಲಾಶಯ ತುಂಬಿದ ಸೆಪ್ಟೆಂಬರಿನಲ್ಲಿ ಬಂದಿದ್ದರೆ ಫಲ ಬೇರೆಯಾಗುತ್ತಿತ್ತು.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ವಿರುದ್ಧವಾದ ಪಾಠವೊಂದಿದೆ. ಉತ್ತರ ಕನ್ನಡದ ಕಾಳೀ ನದಿಗೆ ಸಾಲಾಗಿ ಅಣೆಕಟ್ಟುಗಳಿವೆ. ಮೇಲೆ 101 ಮೀಟರ್ ಎತ್ತರದ ಸೂಪಾ, ಕೆಳಗೆ ಕೊಡಸಳ್ಳಿ, ಕೊನೆಗೆ, ಸಮುದ್ರಕ್ಕೆ ಹತ್ತಿರದಲ್ಲಿ, ಕದ್ರಾ. ಎಲ್ಲವೂ ವಿದ್ಯುತ್ತಿಗಾಗಿ ಕಟ್ಟಿದವು. ಸೂಪಾ ದೊಡ್ಡ ಉಗ್ರಾಣ. ಅದು ತುಂಬುವುದಕ್ಕೆ ಬಹುಕಾಲ ಹಿಡಿಯುವುದರಿಂದ ಮೇಲಿನ ಪ್ರವಾಹ ಅಲ್ಲಿ ಅಡಗುತ್ತದೆ. ಕದ್ರಾ ಚಿಕ್ಕದು, ಮಳೆಯ ರಭಸಕ್ಕೆ ಬೇಗ ತುಂಬುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಕದ್ರಾದಿಂದ ಬಿಡಬೇಕಾಗಿ ಬಂದ ನೀರು ಕೆಳದಂಡೆಯ ಹಳ್ಳಿಗಳಿಗೆ ನುಗ್ಗಿ ಮನೆಗಳನ್ನು ಮುಳುಗಿಸಿತು. 2021ರ ಜುಲೈ ತಿಂಗಳಲ್ಲಿಯೂ ಅಲ್ಲಿನವರು ಮನೆ ಬಿಟ್ಟು ಹೊರಡಬೇಕಾಯಿತು. ಈ ಅನುಭವವಾದ ಮೇಲೆ ಜಲಾಶಯದ ಪೂರ್ಣಮಟ್ಟ 34.5 ಮೀಟರ್ ಇದ್ದರೂ, ಮಳೆಯ ಜೋರಿನ ದಿನಗಳಲ್ಲಿ ನೀರನ್ನು ಅದಕ್ಕಿಂತ ಕೆಲವು ಮೀಟರ್ ಕೆಳಗೆಯೇ ಹಿಡಿದಿಡುವ ಕ್ರಮ ಬಂದಿತು. ಆ ಕೆಲವು ಮೀಟರುಗಳಿಂದ ವಿದ್ಯುತ್ತಿಗೆ ಸ್ವಲ್ಪ ನಷ್ಟವಾಗಬಹುದು. ದಂಡೆಯವರಿಗೆ ಅದರಿಂದ ಕೆಲವು ಗಂಟೆಗಳ ಕಾಲಾವಕಾಶ ಸಿಗುತ್ತದೆ. ಮಗುವನ್ನು ಎತ್ತಿಕೊಂಡು, ದನ ಬಿಚ್ಚಿಕೊಂಡು, ಕಾಗದಪತ್ರಗಳನ್ನು ಕಟ್ಟಿಕೊಂಡು ಎತ್ತರಕ್ಕೆ ಹೋಗಲು ಬೇಕಾದುದು ಆ ಗಂಟೆಗಳೇ.

ಇಷ್ಟನ್ನು ತಿಳಿದುಕೊಂಡು ನಮ್ಮ ಹೊಳೆಗೆ ಬರೋಣ. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟಿದ ಅಕ್ಕತಂಗಿಯರು; ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ಮತ್ತೆ ಕೂಡುತ್ತಾರೆ. ನಮ್ಮ ಕೂಡ್ಲಿಯನ್ನು ದೇವಪ್ರಯಾಗದ ಪಕ್ಕದಲ್ಲಿಟ್ಟು ನೋಡಿದರೆ ಸೋಜಿಗವಾಗುತ್ತದೆ. ಇಲ್ಲಿಯೂ ಒಂದು ಹೊಳೆಗೆ ದೊಡ್ಡ ಉಗ್ರಾಣವಿದೆ, ಇನ್ನೊಂದಕ್ಕಿಲ್ಲ. ಭದ್ರಾ ಜಲಾಶಯ ಸುಮಾರು 71.5 ಟಿ.ಎಂ.ಸಿ. ಹಿಡಿಯುತ್ತದೆ, ಅದರ ಪೂರ್ಣಮಟ್ಟ 186 ಅಡಿ. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು 3.24 ಟಿ.ಎಂ.ಸಿ. ಮಾತ್ರ. ಆಗಲೇ ಮಾಡಿದ ಲೆಕ್ಕವನ್ನು ಇಲ್ಲಿಗೆ ಹಚ್ಚಿ. 50,000 ಕ್ಯೂಸೆಕ್ ಬರುತ್ತಿದ್ದರೆ, ಗಾಜನೂರು ಪೂರ್ತಿ ಬರಿದಾಗಿದ್ದರೂ ಹದಿನೆಂಟು ಗಂಟೆಗಳಲ್ಲಿ ತುಂಬಿಬಿಡುತ್ತದೆ. ಅದು ನೀರನ್ನು ಕಾಲುವೆಗೆ ತಿರುಗಿಸುವ ಕಟ್ಟೆಯೇ ಹೊರತು ನೆರೆಯನ್ನು ನುಂಗುವ ಉಗ್ರಾಣವಲ್ಲ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಸುತ್ತಿನ ಮಳೆಯೆಲ್ಲ ಈ ದಾರಿಯಲ್ಲಿ, ತಡೆಯಿಲ್ಲದೆ, ಕೂಡ್ಲಿಗೆ ಬರುತ್ತದೆ, ಅಲ್ಲಿಂದ ಹೊನ್ನಾಳಿಗೆ, ಅಲ್ಲಿಂದ ಹರಿಹರಕ್ಕೆ.

ಆದುದರಿಂದ ಜುಲೈ ತಿಂಗಳಲ್ಲಿ ಹರಿಹರದ ಹೊಳೆ ಕೆಂಪಾಗಿ ಏರಿದಾಗ, ಅದು ಬಹುಮಟ್ಟಿಗೆ ತುಂಗೆಯ ನೀರು. ಆ ಹೊತ್ತಿನಲ್ಲಿ ಭದ್ರಾ ಇನ್ನೂ ತುಂಬುತ್ತಿದ್ದರೆ, ಭದ್ರೆಯ ಪಾಲು ಲಕ್ಕವಳ್ಳಿಯಲ್ಲಿ ನಿಂತಿದೆ ಎಂದು ತಿಳಿಯಬೇಕು. ಅಪಾಯದ ದಿನಗಳು ಬರುವುದು ಭದ್ರಾ ತುಂಬಿದ ಮೇಲೆ, ಮತ್ತೆ ದೊಡ್ಡ ಮಳೆ ಹಿಡಿದಾಗ. ಆಗ ಅಕ್ಕತಂಗಿಯರಿಬ್ಬರೂ ಕೈ ಹಿಡಿದು ಬರುತ್ತಾರೆ. ಹರಿಹರದ ಗಂಗಾನಗರದಂಥ ತಗ್ಗಿನ ಬಡಾವಣೆಗಳಿಗೆ ನೀರು ಬರುವುದು, ಉಕ್ಕಡಗಾತ್ರಿಯ ಅಜ್ಜಯ್ಯನ ಸನ್ನಿಧಿಗೆ ಹೋಗುವ ರಸ್ತೆ ಮುಳುಗುವುದು ಹೊಳೆ ಹೀಗೆ ಮೈದುಂಬಿದಾಗಲೇ. ಕೆಲವರು ಹೊಸಪೇಟೆಯ ದೊಡ್ಡ ಅಣೆಕಟ್ಟನ್ನು ನೆನೆದು ನಮಗೇನು ಭಯ ಎನ್ನುವುದುಂಟು. ಅಣೆಕಟ್ಟು ಕಾಪಾಡುವುದು ತನ್ನ ಕೆಳಗಿನವರನ್ನು. ಹೊಸಪೇಟೆ ನಮಗಿಂತ ಕೆಳಗಿದೆ. ಹರಿಹರಕ್ಕೆ ಮೇಲಿನ ಕಾವಲುಗಾರನೆಂದರೆ ಲಕ್ಕವಳ್ಳಿಯೊಂದೇ, ಅದೂ ಅರ್ಧ ನದಿಗೆ ಮಾತ್ರ.

ಹಾಗಾದರೆ ಭದ್ರೆಯನ್ನು ಮಳೆಗಾಲವೆಲ್ಲ ಅರ್ಧ ಖಾಲಿ ಇಡಿ ಎನ್ನೋಣವೇ? ಹಾಗೆಂದರೆ ದಾವಣಗೆರೆ ಸೀಮೆಯ ರೈತರು ನಮ್ಮನ್ನು ಸುಮ್ಮನೆ ಬಿಟ್ಟಾರೆಯೇ? ಭದ್ರಾ ಕಟ್ಟಿದ್ದೇ ಮುಖ್ಯವಾಗಿ ನೀರಾವರಿಗೆ. ಅಲ್ಲಿನ ವಿದ್ಯುತ್ತು ಕೂಡ ಕಾಲುವೆಗೆ ಹೋಗುವ ನೀರನ್ನೇ ನೆಚ್ಚಿಕೊಂಡಿದೆ. ಕಾಲುವೆಯ ಕೊನೆಭಾಗದ ರೈತನಿಗೆ ನೀರು ಮುಟ್ಟುವುದು ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಕಡಿಮೆಯಾಗಿ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ. ನೀರು ಬಿಡುವ ದಿನಗಳ ಬಗ್ಗೆ ಆಗ ನಡೆದ ಹೋರಾಟ ತಮಗೆ ನೆನಪಿರಬಹುದು. ನೆರೆಯ ಹೆದರಿಕೆಯಿಂದ ಜುಲೈಯಲ್ಲಿ ಚೆಲ್ಲಿದ ನೀರು, ಆಗಸ್ಟಿನಲ್ಲಿ ಮಳೆ ಹೋದರೆ, ಮತ್ತೆ ಸಿಗುವುದಿಲ್ಲ. ಒಬ್ಬರ ಮನೆ ಉಳಿಸಲು ಇನ್ನೊಬ್ಬರ ಬೆಳೆ ಒಣಗಿಸುವುದು ನ್ಯಾಯವಲ್ಲ. ಒಬ್ಬರ ಬೆಳೆಗಾಗಿ ಇನ್ನೊಬ್ಬರ ಮನೆ ಮುಳುಗಿಸುವುದೂ ಅಲ್ಲ. ಈ ಜಲಾಶಯಗಳಿಗಾಗಿ ಮೊದಲೇ ಮನೆ ಹೊಲ ಕಳೆದುಕೊಂಡ ಮುಳುಗಡೆಯ ಜನರೂ ಇದ್ದಾರೆ. ಶರಾವತಿಯ ಹಿನ್ನೀರಿನಲ್ಲಿ ಊರುಗಳೇ ಹೋದವು. ತೆಹ್ರಿಯಲ್ಲಿ ಒಂದು ಪಟ್ಟಣವೇ ಹೋಯಿತು. ಅಷ್ಟು ಬೆಲೆ ತೆತ್ತು ಪಡೆದ ಜಾಗವನ್ನು ಅಂದಾಜಿನ ಮೇಲೆ ನಡೆಸುವುದು ತಕ್ಕುದಲ್ಲ.

ಇದಕ್ಕೆ ಮಧ್ಯದ ದಾರಿಯೊಂದಿದೆ. ಯಾವ ತಾರೀಖಿಗೆ ಜಲಾಶಯ ಯಾವ ಮಟ್ಟವನ್ನು ಮೀರಬಾರದು ಎಂಬುದನ್ನು, ಅನೇಕ ವರ್ಷಗಳ ಮಳೆಯ ಲೆಕ್ಕವನ್ನು ನೋಡಿ, ಒಂದು ರೇಖೆಯಾಗಿ ಬರೆದಿಡುತ್ತಾರೆ. ಜೋರು ಮಳೆಯ ತಿಂಗಳುಗಳಲ್ಲಿ ಆ ರೇಖೆ ಕೆಳಗಿರುತ್ತದೆ. ಮಳೆ ಹಿಂದೆಗೆಯುವ ಕಾಲ ಬಂದಂತೆ ಮೇಲಕ್ಕೇರಿ ಕೊನೆಗೆ ಪೂರ್ಣಮಟ್ಟವನ್ನು ಮುಟ್ಟುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಇಂದು ಹಿಂದಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿದೆ. ಎರಡು ಮೂರು ದಿನ ಮೊದಲೇ ದೊಡ್ಡ ಮಳೆಯ ಸುಳಿವು ಸಿಕ್ಕರೆ, ಹೊಳೆ ಇನ್ನೂ ಇಳಿದಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟು ಜಾಗ ಮಾಡಿಕೊಳ್ಳಬಹುದು. ಕಟ್ಟಕಡೆಯಲ್ಲಿ ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ತೆರೆಯುವುದಕ್ಕಿಂತ ಇದು ಮೇಲು. ಮೂರು ದಿನ ಮೊಣಕಾಲುದ್ದ ಏರುವ ಹೊಳೆಯನ್ನು ದಂಡೆಯ ಜನ ಸಹಿಸುತ್ತಾರೆ. ಒಂದು ರಾತ್ರಿಯಲ್ಲಿ ಆಳುದ್ದ ಏರುವುದನ್ನು ಸಹಿಸಲಾರರು.

ಈ ಕೆಲಸ ಎಂಜಿನಿಯರುಗಳದು, ನಿಜ. ಆದರೆ ಕೇಳುಗರಿಗೂ ಇದರಲ್ಲಿ ಪಾಲುಂಟು. ಇನ್ನು ಮುಂದೆ ಜಲಾಶಯದ ಮಟ್ಟವನ್ನು ಓದಿದಾಗ ಪೂರ್ಣಮಟ್ಟದಿಂದ ಅದನ್ನು ಕಳೆದು ನೋಡಿ. 186ರಲ್ಲಿ ಇಂದಿನ ಅಡಿ ಕಳೆದರೆ ಉಳಿಯುವುದೆಷ್ಟು? ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ, ಮೇಲಿನ ಒಂದು ಅಡಿ ತಳದ ಒಂದು ಅಡಿಗಿಂತ ಬಹಳ ಹೆಚ್ಚು ನೀರು ಹಿಡಿಯುತ್ತದೆಂಬುದನ್ನೂ ನೆನಪಿಡಿ. ಎರಡನೆಯದಾಗಿ, ಗಾಜನೂರಿನ ಹೊರಹರಿವನ್ನೂ ಲಕ್ಕವಳ್ಳಿಯ ಹೊರಹರಿವನ್ನೂ ಕೂಡಿಸಿ ನೋಡಿ. ಹರಿಹರದ ಕಡೆಗೆ ಬರುವುದು ಆ ಮೊತ್ತ, ಜೊತೆಗೆ ದಾರಿಯ ಹಳ್ಳಗಳ ನೀರು. ಮೂರನೆಯದಾಗಿ, ಅಲ್ಲಿ ಬಿಟ್ಟ ನೀರು ಇಲ್ಲಿಗೆ ಆ ಕ್ಷಣವೇ ಬರುವುದಿಲ್ಲ; ಶಿವಮೊಗ್ಗ, ಹೊನ್ನಾಳಿಗಳನ್ನು ದಾಟಿ ಬರಲು ಹಲವು ಗಂಟೆಗಳು ಬೇಕು. ಬೆಳಿಗ್ಗೆ ಕೇಳಿದ ಸುದ್ದಿಯನ್ನು ಹೊಳೆ ಇನ್ನೂ ಏರಿಲ್ಲವೆಂದು ಅಲ್ಲಗಳೆಯಬೇಡಿ. ಹೊನ್ನಾಳಿಯಲ್ಲಿ ನೆಂಟರಿದ್ದರೆ ಅಲ್ಲಿ ಹೊಳೆ ಹೇಗಿದೆಯೆಂದು ಒಂದು ಮಾತು ವಿಚಾರಿಸಿ. ನದಿಯ ವಿಷಯದಲ್ಲಿ ಮೇಲಿನ ಊರಿನವರು ಕೆಳಗಿನವರಿಗೆ ಹೇಳಿಕಳುಹಿಸುವ ಪದ್ಧತಿ ಹಳೆಯದು, ಅದನ್ನು ಬಿಡಬಾರದು.

ಅಧಿಕಾರಿಗಳಿಂದಲೂ ನಾವು ಒಂದನ್ನು ಕೇಳುವುದು ನ್ಯಾಯವಾಗಿದೆ. ಎಷ್ಟು ನೀರು ಬಿಟ್ಟೆವೆಂಬುದರ ಜೊತೆಗೆ, ನಾಳೆ ಎಷ್ಟು ಬಿಡಬೇಕಾಗಬಹುದು, ಅದು ಹರಿಹರವನ್ನು ಯಾವ ಹೊತ್ತಿಗೆ ಮುಟ್ಟೀತು, ಯಾವ ಬೀದಿಯವರು ಸಿದ್ಧರಾಗಿರಬೇಕು ಎಂಬುದನ್ನೂ ಹೇಳಬೇಕು. ಕ್ಯೂಸೆಕ್ಕಿನ ಲೆಕ್ಕ ತಿಳಿಯದ ಮುದುಕಿಗೆ ಬೀದಿಯ ಹೆಸರು ತಿಳಿಯುತ್ತದೆ. ತಂತಿ ಹರಿದು ದೀಪ ಆರಿದಾಗಲೂ ಬ್ಯಾಟರಿಯ ರೇಡಿಯೋ ಮಾತನಾಡುತ್ತದೆ. ಈ ಮಾತು ಅದರ ಮೂಲಕ ಮನೆಮನೆಗೆ ಬರಬೇಕು.

ಅಣೆಕಟ್ಟು ಕಲ್ಲು ತುಂಬಿದ್ದಿರಲಿ, ಗಾರೆಯಿಂದ ಕಟ್ಟಿದ್ದಿರಲಿ, ಅದರ ಮುಂದೆ ನಿಂತವರ ಕಣ್ಣು ತುಂಬಿದ ನೀರಿನ ಮೇಲೆಯೇ ನೆಡುತ್ತದೆ. ಬಾಗಿನ ಬಿಡುವುದೂ ತುಂಬಿದ ದಿನವೇ, ಅದು ತಕ್ಕುದೇ. ಆದರೆ ದಂಡೆಯ ಮೇಲೆ ಮನೆ ಮಾಡಿಕೊಂಡವರು ಅದು ಇನ್ನೂ ತುಂಬದಿರುವ ದಿನಗಳಲ್ಲಿ, ಉಳಿದಿರುವ ಜಾಗವೆಷ್ಟೆಂಬುದನ್ನು ದಿನವೂ ಲೆಕ್ಕವಿಟ್ಟು ಕೇಳುತ್ತಿರಬೇಕು. ಬರುವ ಮಳೆಗಾಲದಿಂದಲೇ ಈ ಅಭ್ಯಾಸವನ್ನು ತಾವು ಆರಂಭಿಸಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ಸಣ್ಣದಾಗಿ ಬರೆದಿಟ್ಟರೂ ಸಾಕು.